ಕಡೆಯ ನುಡಿ ಕತ್ತರಿಸಿದವರು

1996ರ ಮೊಹರಂ ಮುಗಿದು ಹದಿನೈದು ದಿನ ಆಗಿರಬೇಕು. ನವಲಗುಂದ ತಾಲೂಕಿನಲ್ಲಿ ಬೆಣ್ಣಿಹಳ್ಳದ ದಂಡೆಗಿರುವ ನಮ್ಮ ಊರಿನ ರಿವಾಯತ್ ಮೇಳ ಹುಬ್ಬಳ್ಳಿಗೆ ಹೊರಟಿತು. ಹನ್ನೆರಡು ಜನ. ಅವರಲ್ಲಿ ಮುಸ್ಲಿಮರು ನಾಲ್ವರು. ಉಳಿದವರು ಕುರುಬರು, ಲಿಂಗಾಯತರು, ವಾಲ್ಮೀಕಿಯವರು, ಒಬ್ಬ ಬಡಿಗ. ಮೇಳದ ಮುಂದಾಳು ನನ್ನ ಸೋದರಮಾವ. ಕ್ಯಾಸೆಟ್ ಕಂಪನಿಯೊಂದು ಇವರನ್ನು ಹಾಡಲು ಕರೆಸಿತ್ತು. ಒಂಬತ್ತನೇ ಇಯತ್ತೆಯಲ್ಲಿದ್ದ ನನ್ನನ್ನು ಮಾಮು ಜೊತೆಗೆ ಕರೆದುಕೊಂಡದ್ದು ಕಾಗದ ಓದಲಿಕ್ಕೆ. ನಾಲ್ಕನೇ ಇಯತ್ತೆವರೆಗೆ ಉರ್ದು, ಆಮೇಲೆ ಕನ್ನಡ ಕಲಿತ ಹುಡುಗ, ಯಾವ ಕಾಗದ ಕೊಟ್ಟರೂ ಓದಿಯಾನು ಎಂಬ ನಂಬಿಕೆ ಅವರಿಗೆ. ಅಲ್ಲಿ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಅಕ್ಷರ ಕೂಡಿಸಿ ಓದಿದೆ, ಅರ್ಥ ಹೇಳಲಾಗಲಿಲ್ಲ. ಮಾಮು ಕನ್ನಡದಲ್ಲಿ ಸಹಿ ಹಾಕಿದರು. ಹನ್ನೆರಡು ಜನರಿಗೆ ಸೇರಿ ಎರಡು ಸಾವಿರ ರೂಪಾಯಿ ಎಂದು ಮಾತಾಗಿತ್ತು.

ಮೊದಲ ಹಾಡಿಗೇ ತಕರಾರು ಬಂತು. ರಿವಾಯತ್ ಪದ ಉದ್ದ. ಹೆಜ್ಜೆ ಹಾಕುತ್ತ, ಕೈಯ ವಸ್ತ್ರ ಬೀಸುತ್ತ, ಒಂದು ನುಡಿಯನ್ನು ಮುಂದಿನವರು ಹಾಡಿದರೆ ಹಿಂದಿನವರು ಎತ್ತಿಕೊಳ್ಳುತ್ತ, ಕರ್ಬಲಾದ ಕತೆ ನಡೆಯಬೇಕು. ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ. ಅದರಲ್ಲಿ ನಾಲ್ಕು ಹಾಡು ಕೂಡಬೇಕು ಎಂದು ಧ್ವನಿಮುದ್ರಣದ ಮೇಲ್ವಿಚಾರಕ ಹೇಳಿದ. ಮಾಮು ನಡುವಿನ ಎರಡು ನುಡಿ ಬಿಡಲು ಒಪ್ಪಿದರು. ಆತ ಹೇಳಿದ: “ನಡುವಿಂದು ಇರ್ಲಿ ಸಾಹೇಬ್ರ, ಕಡೇ ನುಡಿ ಬಿಡ್ರಿ. ನಿಮ್ಮೂರ ಹೆಸರು, ಹಾಡು ಕಟ್ಟಿದಾವನ ಹೆಸರು, ಅದೆಲ್ಲಾ ಯಾರಿಗೆ ಬೇಕಾಗೇತಿ? ಬ್ಯಾರೆ ಊರವ್ರು ಕ್ಯಾಸೆಟ್ ತಗೊಳ್ಳಂಗಿಲ್ಲ.”

ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಹುಸೇನ ಸಾಹೇಬ್ರ ರುಂಡ ಕಡದ ಕತಿ ಹಾಡಾಕ ಬಂದೀವ್ರಿ ನಾವು. ಹಾಡಿನ ರುಂಡ ನಮ್ಮ ಕೈಲೇ ಕಡದು ನಿಮಗ ಕೊಡೂದೇನ್ರಿ?”

ಆ ಹಾಡನ್ನು ಅವರು ಹಾಡಲಿಲ್ಲ. ಉಳಿದ ಹಾಡುಗಳನ್ನು ಹಾಡಿದರು, ಸಹಿ ಹಾಕಿಬಿಟ್ಟಿದ್ದರಲ್ಲ. ತಮ್ಮ ಪಾಲಿನ ಹಣ ಮಾತ್ರ ಮುಟ್ಟಲಿಲ್ಲ. ಆರು ತಿಂಗಳ ಮೇಲೆ ಕ್ಯಾಸೆಟ್ ಬಂದಾಗ ಹಾಡಿದ ಹಾಡುಗಳ ಕಡೆಯ ನುಡಿಗಳೂ ಇರಲಿಲ್ಲ. ಅವನ್ನು ಯಂತ್ರದಲ್ಲಿ ಕತ್ತರಿಸಿದ್ದರು. ಹೊದಿಕೆಯ ಮೇಲೆ ಮೇಳದ ಹೆಸರಿಲ್ಲ, ಊರ ಹೆಸರಿಲ್ಲ. ಸಾಹಿತ್ಯ: ಜಾನಪದ. ಸಂಗೀತ: ಸಾಂಪ್ರದಾಯಿಕ. ಕಂಪನಿಯ ಹೆಸರು ಮಾತ್ರ ಎರಡು ಕಡೆ ಇತ್ತು. ಜೊತೆಗೆ, ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ ಎಂಬ ಸಾಲು.

ಸಂಗೀತಗಾರರ ಬದುಕಿನ ಮೇಲೆ ತೆಗೆದ ಸಿನಿಮಾಗಳನ್ನು ನಾವೆಲ್ಲ ನೋಡಿದ್ದೇವೆ, ಹಿಂದಿಯವು, ಇಂಗ್ಲಿಷಿನವು. ಕತೆ ಬಹುತೇಕ ಒಂದೇ. ಒಬ್ಬ ಅಪ್ಪಟ ಕಲಾವಿದ, ಅವನೆದುರು ಹಣದ ಥೈಲಿ ಹಿಡಿದ ರೆಕಾರ್ಡ್ ಕಂಪನಿಯ ಯಜಮಾನ. ಕಲಾವಿದ ಸೋಲುತ್ತಾನೆ, ಕುಡಿಯುತ್ತಾನೆ, ಕಡೆಗೆ ಎದ್ದು ನಿಂತು ತನ್ನ ಹಾಡನ್ನು ತನ್ನ ಹಾಗೆಯೇ ಹಾಡುತ್ತಾನೆ. ನಾವು ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ. ಈ ಕತೆಯ ಮೇಲೆ ನನಗೆ ಸಿಟ್ಟಿದೆ. ಇದರಲ್ಲಿ ಇರುವವರು ಇಬ್ಬರೇ, ಕಲಾವಿದ ಮತ್ತು ಕಂಪನಿ. ಚಪ್ಪಾಳೆ ತಟ್ಟುವ ನಮ್ಮ ಪಾಲು ಏನು ಎಂಬುದನ್ನು ಇದು ಕೇಳುವುದೇ ಇಲ್ಲ. ನಮ್ಮ ಧಾರವಾಡ ಜಿಲ್ಲೆಯಲ್ಲಿ ನಡೆದದ್ದನ್ನು ನೋಡಿದರೆ ಕತೆ ಬೇರೆಯೇ ಇದೆ.

ಕುಂದಗೋಳದಿಂದ ಶುರು ಮಾಡೋಣ. ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಸಣ್ಣ ಊರು. ಕೈರಾನಾದ ಉಸ್ತಾದ್ ಅಬ್ದುಲ್ ಕರೀಮ್ ಖಾನ್ ಸಾಹೇಬರು ಮೈಸೂರು ದರ್ಬಾರಿಗೆ ಹೋಗಿಬರುವ ದಾರಿಯಲ್ಲಿ ಈ ಸೀಮೆಯಲ್ಲಿ ತಂಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆ ಅವರ ದನಿ ಕೇಳಿದ ಜಾಗ. ಅವರ ಶಿಷ್ಯ ರಾಮಭಾವು ಕುಂದಗೋಳಕರರೇ ಮುಂದೆ ಸವಾಯಿ ಗಂಧರ್ವರಾದರು. ಶಿಷ್ಯ ಮರಾಠಿ ನಾಟಕ ಕಂಪನಿ ಸೇರಿದಾಗ ಗುರುವಿಗೆ ಮನಸ್ಸಿರಲಿಲ್ಲ. ರಂಗಭೂಮಿಯ ಗಾಯನ ಖ್ಯಾಲಿನ ದನಿಯನ್ನು ಕೆಡಿಸುತ್ತದೆ ಎಂಬ ಆತಂಕ ಉಸ್ತಾದರದು. ಹೊಟ್ಟೆಪಾಡಿಗೆ ಕಂಪನಿ ಬೇಕು ಎಂಬುದು ಶಿಷ್ಯನ ಸ್ಥಿತಿ. ಸವಾಯಿ ಗಂಧರ್ವ ಎಂಬ ಬಿರುದು ಬಂದದ್ದು ಆ ನಾಟಕದಿಂದಲೇ. ಆದರೆ ಅವರನ್ನು ಇವತ್ತು ನಾವು ನೆನೆಯುವುದು ನಾಟಕ ಬಿಟ್ಟ ಮೇಲೆ ಕಲಿಸಿದ ಪಾಠಕ್ಕಾಗಿ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಕಲಿತರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತರು. ಒಬ್ಬ ಮುಸ್ಲಿಂ ಉಸ್ತಾದ, ಒಬ್ಬ ಬ್ರಾಹ್ಮಣ ಶಿಷ್ಯ, ಆ ಶಿಷ್ಯನಿಗೆ ದೇವದಾಸಿ ಮನೆತನದಿಂದ ಬಂದ ಒಬ್ಬ ಶಿಷ್ಯೆ. ಈ ಸರಪಳಿ ಯಾವ ಮಾರುಕಟ್ಟೆಯಲ್ಲೂ ತಯಾರಾದದ್ದಲ್ಲ.

ಹಾಗೆಂದು ರೆಕಾರ್ಡು ಶುದ್ಧ ಸೈತಾನನೂ ಅಲ್ಲ. ಖಾನ್ ಸಾಹೇಬರು ಕಳೆದ ಶತಮಾನದ ಮೊದಲ ದಶಕದಲ್ಲಿ ಕೆಲವು ಧ್ವನಿಮುದ್ರಣ ಕೊಟ್ಟರು, ಮತ್ತೆ ಮನಸ್ಸು ಬಿಚ್ಚಿ ಕೊಟ್ಟದ್ದು ತಮ್ಮ ಕಡೆಯ ವರ್ಷಗಳಲ್ಲಿ. 1937ರಲ್ಲಿ ಅವರು ತೀರಿಕೊಂಡರು. ಅವರ ದನಿ ಉಳಿದಿರುವುದು ಆ ಮೂರು ಮೂರು ನಿಮಿಷದ ತಟ್ಟೆಗಳಲ್ಲೇ. ಗದಗಿನ ಅಂಗಡಿಯೊಂದರಲ್ಲಿ ಖಾನ್ ಸಾಹೇಬರ ರೆಕಾರ್ಡು ಕೇಳಿ ಬಾಲಕ ಭೀಮಸೇನ ಮನೆ ಬಿಟ್ಟು ಓಡಿದ ಎಂಬ ಕತೆಯನ್ನು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಒಂದು ರಾಗವನ್ನು ಒಂದೂವರೆ ತಾಸು ಹಾಡುವವರು ಅದನ್ನು ಮೂರು ನಿಮಿಷಕ್ಕೆ ಹಿಂಡಿ ಕೊಟ್ಟರು. ಸಮಯ ಕತ್ತರಿಸಿಕೊಳ್ಳಲು ಕಲಾವಿದರು ಒಪ್ಪಿದ್ದರು. ನನ್ನ ಮಾಮು ಕೂಡ ನಡುವಿನ ನುಡಿ ಬಿಡಲು ಒಪ್ಪಿದ್ದರಲ್ಲ. ಹಾಗಾದರೆ ಜಗಳ ಎಲ್ಲಿದೆ?

ಜಗಳ ಇರುವುದು ಹೆಸರಿನಲ್ಲಿ.

1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ರೆಕಾರ್ಡುಗಳಲ್ಲಿ ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳುವುದು ಕೇಳಿಸುತ್ತದೆ. ಕಾರಣ ಸರಳ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ದನಿ ಯಾರದು ಎಂದು ತಿಳಿಯಬೇಕಿತ್ತು. ಕಂಪನಿಗೆ ಬೇಕಿದ್ದಾಗ ಹೆಸರು ಹಾಡಿನ ಒಳಗೇ ಬಂತು. ಕಾಗದದ ಲೇಬಲ್ ಬಂದ ಮೇಲೆ ಕೂಗುವ ಅಗತ್ಯ ಉಳಿಯಲಿಲ್ಲ. ಹೆಸರು ಬರೆಯುವ ಲೇಖನಿ ಕಂಪನಿಯ ಕೈಗೆ ಹೋಯಿತು. 1930ರ ದಶಕದ ಆರಂಭದಲ್ಲಿ ನಮ್ಮ ಗಂಗೂಬಾಯಿಯವರ ಮೊದಲ ತಟ್ಟೆಗಳು ಬಂದಾಗ ಅವುಗಳ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ದನಿ ಅವರದು, ಹೆಸರು ಇನ್ನೊಂದು. ಮುಂದೆ ಅವರು ಸ್ವಂತ ಹೆಸರಿನಿಂದಲೇ ಲೋಕಕ್ಕೆ ಗೊತ್ತಾದರು, ಪದ್ಮವಿಭೂಷಣದವರೆಗೆ ಹೋದರು. ಆ ಹೆಸರಿನಲ್ಲಿ ಹಾನಗಲ್ಲು ಎಂಬ ಊರು ಇವತ್ತಿಗೂ ಇದೆ. ಗಂಗೂಬಾಯಿ ತಮ್ಮ ಹೆಸರನ್ನು ಮರಳಿ ಪಡೆದರು. ನಮ್ಮ ಮೇಳದ ಹನ್ನೆರಡು ಜನಕ್ಕೆ ಅದು ಸಾಧ್ಯವಾಗಲಿಲ್ಲ. ಗೌಹರ್ ಜಾನ್ ಕಡೆಗಾಲದಲ್ಲಿ ನಮ್ಮ ನಾಡಿಗೇ ಬಂದು, ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ಅಷ್ಟು ಗಟ್ಟಿಯಾಗಿ ಹೆಸರು ಕೂಗಿದವರನ್ನೇ ಮೈಸೂರಿನ ಎಷ್ಟು ಜನ ನೆನಪಿಟ್ಟಿದ್ದಾರೆ?

ಈಗ ಕುಂದಗೋಳ ತಾಲೂಕಿನದೇ ಇನ್ನೊಂದು ಊರಿಗೆ ಬನ್ನಿ. ಕಳಸ, ಗುರು ಗೋವಿಂದಭಟ್ಟರ ಊರು. ಅವರ ಶಿಷ್ಯ ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಗ್ರಾಮಫೋನ್ ಈ ನಾಡಿಗೆ ಬರುವ ಮೊದಲೇ ಹೋದವರು. ಆದರೂ ಅವರ ಹಾಡಿನಲ್ಲಿ ಹೆಸರು ಉಳಿಯಿತು, ಏಕೆಂದರೆ ಕಡೆಯ ನುಡಿಯಲ್ಲಿ ‘ಶಿಶುನಾಳಧೀಶ’ ಎಂಬ ಅಂಕಿತವಿದೆ. ಈ ಅಂಕಿತದ ವಿಚಾರವನ್ನು ಸ್ವಲ್ಪ ನಿಂತು ನೋಡಬೇಕು. ಅದು ಶರೀಫರ ಸ್ವಂತ ಹೆಸರಲ್ಲ. ಊರಿನದು, ಊರ ದೈವದ್ದು. ‘ನಾನು ಕಟ್ಟಿದೆ’ ಎಂಬ ಅಹಂಕಾರ ಅದರಲ್ಲಿಲ್ಲ. ಆದರೆ ಎಲ್ಲಿಂದ ಬಂತು ಎಂಬ ಗುರುತು ಇದೆ. ವಚನಕಾರರಿಂದ ಹಿಡಿದು ಲಾವಣಿಕಾರರವರೆಗೆ, ತತ್ವಪದದಿಂದ ಹಿಡಿದು ರಿವಾಯತ್‌ವರೆಗೆ ನಮ್ಮ ಜನ ನಂಬಿದ ರಕ್ಷಣೆ ಇದೊಂದೇ. ಹಾಡನ್ನು ಯಾರು ಬೇಕಾದರೂ ಹಾಡಲಿ, ಎಲ್ಲಿ ಬೇಕಾದರೂ ಹಾಡಲಿ, ಹಣ ಕೊಡಬೇಕಾಗಿಲ್ಲ. ಕಡೆಯ ನುಡಿ ಮಾತ್ರ ಹಾಡಬೇಕು. ಕಾನೂನು ಬರೆಯುವ ಮೊದಲೇ ಹಳ್ಳಿಗಳು ಮಾಡಿಕೊಂಡ ಒಪ್ಪಂದ ಇದು. ಕ್ಯಾಸೆಟ್ಟಿನವರು ಮೊದಲು ಕತ್ತರಿ ಹಾಕಿದ್ದು ಸರಿಯಾಗಿ ಅಲ್ಲಿಗೇ.

ಶರೀಫರ ವಿಷಯದಲ್ಲಿ ಮಾರುಕಟ್ಟೆ ಮಾಡಿದ್ದು ಇನ್ನೂ ನಾಜೂಕಾದ ಕೆಲಸ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಸಿ. ಅಶ್ವಥ್ ಸಂಗೀತ ಕೊಟ್ಟರು. ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು. ಅಶ್ವಥ್ ಆ ಹಾಡುಗಳಲ್ಲಿ ಸುರಿದ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವರ ದನಿಯಿಲ್ಲದೆ ಬೆಂಗಳೂರು, ಮೈಸೂರಿನ ಮನೆಗಳಿಗೆ ಶರೀಫಜ್ಜ ಹೋಗುತ್ತಲೇ ಇರಲಿಲ್ಲ. ನನ್ನ ದೂರು ಹಾಡಿದವರ ಮೇಲಲ್ಲ, ಆರಿಸಿದವರ ಮೇಲೆ. ಶರೀಫರ ಹೆಸರಿನಲ್ಲಿ ನೂರಾರು ಪದಗಳಿವೆ. ಅಂಗಡಿಯಲ್ಲಿ ಸಿಕ್ಕುತ್ತಿದ್ದವು ಹತ್ತಿಪ್ಪತ್ತು, ಎಲ್ಲ ಕ್ಯಾಸೆಟ್ಟಿನಲ್ಲೂ ಅವೇ. ಕೋಡಗ ಕೋಳಿಯ ಹಾಡು, ಸೋರುವ ಮಾಳಿಗೆಯ ಹಾಡು, ಬಿದ್ದ ಮುದುಕಿಯ ಹಾಡು. ಶರೀಫರು ಕಟ್ಟಿದ ಮೊಹರಂ ಪದಗಳನ್ನು, ಕರ್ಬಲಾದ ರಿವಾಯತ್‌ಗಳನ್ನು ಕೇಳಿಕೊಂಡು ನಾನು ಹುಬ್ಬಳ್ಳಿಯ ಅಂಗಡಿಗಳನ್ನು ಸುತ್ತಿದ್ದೇನೆ. ಒಬ್ಬ ಅಂಗಡಿಯವರು ಅಂದದ್ದು: “ಅವು ನಡಿಯಂಗಿಲ್ಲ ಸರ್, ಅವು ನಿಮ್ಮ ಮಂದೀವು.” ಭಾವೈಕ್ಯದ ಸಂತನನ್ನು ಮಾರುವ ಅಂಗಡಿಯಲ್ಲೇ ಆ ಸಂತನ ಅರ್ಧ ‘ನಿಮ್ಮ ಮಂದಿ’ಗೆ ಬಿದ್ದಿತ್ತು. ಹುಲಗೂರಿನ ಖಾದ್ರಿ ಪೀರರ ಜಗುಲಿಯೂ ಕಳಸದ ಭಟ್ಟರ ಜಗುಲಿಯೂ ಕೂಡಿ ಕಟ್ಟಿದ ಮನುಷ್ಯ ಅವರು. ಮಾರುಕಟ್ಟೆಗೆ ಒಂದು ಜಗುಲಿ ಸಾಕಾಯಿತು.

ಇಲ್ಲಿಯವರೆಗೆ ಓದಿ ತಲೆದೂಗುತ್ತಿರುವ ನನ್ನ ಸಮುದಾಯದ ಓದುಗರಿಗೆ ಈಗ ಒಂದು ಕಹಿ ಮಾತು ಹೇಳಬೇಕಾಗಿದೆ. ಆ ಕತ್ತರಿಗೆ ಸಾಣೆ ಹಿಡಿದವರಲ್ಲಿ ನಾವೂ ಇದ್ದೇವೆ. ಮಾಮು ಹುಬ್ಬಳ್ಳಿಯಿಂದ ಬರಿಗೈಲಿ ಬಂದಾಗ ಊರಿನಲ್ಲಿ ಅವರ ಪರವಾಗಿ ನಿಲ್ಲಬೇಕಾದವರು ಯಾರು? ಮಸೀದಿಯ ಕಮಿಟಿಯವರು ನಕ್ಕರು. “ಅಲಾವಿ ಮುಂದ ಕುಣಿಯೂದ ಬಿದ್‌ಅತ್, ಅದರ ಕ್ಯಾಸೆಟ್ ಹೋದ್ರೇನು, ಇದ್ರೇನು?” ಎಂದರು. ಓದಿದ ನಮ್ಮಂಥವರು, ಉರ್ದು ಗಜಲು ಕೇಳುವುದೇ ಸಂಸ್ಕೃತಿ ಎಂದುಕೊಂಡವರು, ಕನ್ನಡದಲ್ಲಿ ಹಸನ-ಹುಸೇನರ ಕತೆ ಹಾಡುವುದನ್ನು ಹಳ್ಳಿಗರ ಅಜ್ಞಾನವೆಂದು ಬಗೆದೆವು. ನಾನೂ ಕೆಲವು ವರ್ಷ ಹಾಗೆಯೇ ಬಗೆದಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಅಲಾವಿ, ಪಂಜಾ, ಡೋಲಿಗಳು ಧರ್ಮಸಮ್ಮತವೋ ಅಲ್ಲವೋ ಎಂಬುದನ್ನು ಆಲಿಮರು ಚರ್ಚಿಸಲಿ. ಅದು ನನ್ನ ಅಧಿಕಾರದ ಮಾತಲ್ಲ. ನಾನೆತ್ತುತ್ತಿರುವುದು ಕೂಲಿ ಮತ್ತು ಹೆಸರಿನ ಪ್ರಶ್ನೆ. ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಡಿ ಎಂದು ಪ್ರವಾದಿಯವರು (ಸ) ಬೋಧಿಸಿದ್ದನ್ನು ನಾವು ಪ್ರತಿ ವೇದಿಕೆಯಲ್ಲಿ ಹೇಳುತ್ತೇವೆ. ಆ ಕೂಲಿ ಏನು ಹಾಡಿದ, ನಮಗೆ ಒಪ್ಪುವುದನ್ನೇ ಹಾಡಿದನೇ ಎಂದು ನೋಡಿ ಕೂಲಿಯ ನ್ಯಾಯ ಹೇಳಿ ಎಂದು ಅಲ್ಲಿ ಷರತ್ತಿಲ್ಲ. ನಿಮಗೆ ಹಾಡು ಬೇಡವಾಗಿರಬಹುದು. ಹಾಡಿದವನಿಗೆ ಆದ ಮೋಸ ನಿಮಗೆ ಬೇಡವಾಗುವುದು ಹೇಗೆ? ಇನ್ನೊಂದು ಸತ್ಯವನ್ನೂ ನೆನಪಿಸಬೇಕು. ನಮ್ಮೂರಿನ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಉರ್ದು ಓದಬಲ್ಲವರಿರಲಿಲ್ಲ. ಕರ್ಬಲಾದ ಬಾಯಾರಿಕೆ, ಫುರಾತ್ ನದಿಯ ದಂಡೆ, ಯಜೀದನ ಅನ್ಯಾಯ, ಇವೆಲ್ಲ ನಮ್ಮ ತಾಯಂದಿರ ಎದೆಗೆ ಇಳಿದದ್ದು ಮಾಮುವಿನಂಥವರ ಕನ್ನಡದಿಂದ. ಆ ಋಣವನ್ನು ‘ಬಿದ್‌ಅತ್’ ಎಂಬ ಒಂದೇ ಮಾತಿನಿಂದ ಅಳಿಸಲು ಬರುವುದಿಲ್ಲ.

ಇನ್ನು ಕನ್ನಡ ಸಂಸ್ಕೃತಿಯ ವಕ್ತಾರರಿಗೆ ಎರಡು ಮಾತು. ಉತ್ಸವದ ಮೆರವಣಿಗೆಯಲ್ಲಿ ಒಂದು ಟ್ರ್ಯಾಕ್ಟರಿನ ಮೇಲೆ ರಿವಾಯತ್ ಮೇಳ ನಿಲ್ಲಿಸಿ ‘ಸೌಹಾರ್ದದ ಸಂಕೇತ’ ಎಂದು ಧ್ವನಿವರ್ಧಕದಲ್ಲಿ ಹೇಳಿಸುವುದು ನಿಮಗೆ ಸುಲಭ. ಆ ಮೇಳದವರ ಹೆಸರು ಹೇಳುತ್ತೀರಾ? ಸಂಕೇತಕ್ಕೆ ಹೆಸರು ಬೇಕಾಗುವುದಿಲ್ಲ. ಮನುಷ್ಯನಿಗೆ ಬೇಕಾಗುತ್ತದೆ. ನವಲಗುಂದದ ನಮ್ಮ ಹೆಣ್ಣುಮಕ್ಕಳು ನೇಯುವ ಜಮಖಾನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೇರೆ ಎಲ್ಲೋ ನೇಯ್ದದ್ದನ್ನು ನವಲಗುಂದದ ಜಮಖಾನೆ ಎಂದು ಮಾರುವಂತಿಲ್ಲ. ಅದರಿಂದ ನೇಕಾರ್ತಿಯರ ಹೊಟ್ಟೆ ತುಂಬಿತು ಎಂದು ನಾನು ಹೇಳುತ್ತಿಲ್ಲ. ಆದರೆ ಊರಿನ ಹೆಸರು ಒಂದು ಹಕ್ಕು ಎಂಬುದನ್ನಾದರೂ ಸರ್ಕಾರ ಒಪ್ಪಿತು. ಜಮಖಾನೆಗೆ ಇರುವ ಊರು ಹಾಡಿಗೆ ಯಾಕಿಲ್ಲ?

ಕಾನೂನೇ ಇಲ್ಲ ಎಂದು ಕಂಪನಿಯವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಒಡೆತನ ಅದನ್ನು ಮಾಡಿಸಿದ ನಿರ್ಮಾಪಕನದು, ಅದೂ 60 ವರ್ಷದವರೆಗೆ. ಜನಪದ ಹಾಡಿಗೆ ಕರ್ತೃ ಇಲ್ಲವೆಂದು ಸಾರಿಬಿಟ್ಟರೆ ಉಳಿಯುವ ಒಡೆಯ ಅವನೊಬ್ಬನೇ. ‘ಸಾಂಪ್ರದಾಯಿಕ’ ಎಂಬ ಒಂದು ಪದಕ್ಕೆ ಇಷ್ಟು ಬೆಲೆ ಇದೆ. ಆದರೆ 1994ರ ತಿದ್ದುಪಡಿ ಹಾಡುವವನಿಗೂ ಪ್ರದರ್ಶಕನ ಹಕ್ಕು ಎಂಬುದನ್ನು ಕೊಟ್ಟಿತು. ಸಿನಿಮಾ ಗೀತರಚನಕಾರರ ರಾಯಧನಕ್ಕಾಗಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಮಾತಾಡಿದ 2012ರ ತಿದ್ದುಪಡಿಯನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಅದೇ ತಿದ್ದುಪಡಿಯಲ್ಲಿ, ವ್ಯಾಪಾರಕ್ಕೆ ಬಳಸಿದರೆ ಹಾಡಿದವನಿಗೆ ರಾಯಧನದ ಹಕ್ಕು, ಹಾಡಿದವನು ತಾನೆಂದು ಗುರುತಿಸಿಕೊಳ್ಳುವ ಹಕ್ಕು ಎರಡನ್ನೂ ಬರೆದಿದ್ದಾರೆ. ಮುಂಬಯಿಯ ಹಿನ್ನೆಲೆ ಗಾಯಕನಿಗೆ ಇರುವ ಈ ಹಕ್ಕು ಅಣ್ಣಿಗೇರಿಯ, ಕಲಘಟಗಿಯ ಹಾಡುಗಾರನಿಗೂ ಇದೆ. ಗಾಯಕನಿಗೆ ವಕೀಲರಿದ್ದಾರೆ, ಸಂಘಗಳಿವೆ. ಹಾಡುಗಾರನಿಗೆ ಇರುವುದು ಇಂಗ್ಲಿಷಿನ ಕಾಗದ ಮತ್ತು ಅದನ್ನು ಓದಲಾರದ ಒಂದು ಹುಡುಗ.

ಕ್ಯಾಸೆಟ್ಟಿನ ಕಾಲ ಮುಗಿಯಿತಲ್ಲ, ಈಗ ಮೊಬೈಲು ಬಂದಿದೆ, ಎಲ್ಲರೂ ಒಡೆಯರೇ ಎನ್ನುವವರಿದ್ದಾರೆ. ಕೇಳಿ. ಕೆಲವು ವರ್ಷದ ಹಿಂದೆ ನಮ್ಮೂರ ಹುಡುಗರು ಕತ್ತಲರಾತ್ರಿಯ ಹಾಡನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದರು. ಎರಡು ದಿನಕ್ಕೆ ಒಂದು ಸೂಚನೆ ಬಂತು, ಈ ಹಾಡಿನ ಮೇಲೆ ಬೇರೊಬ್ಬರ ಹಕ್ಕಿದೆ ಎಂದು. ಹಳೆಯ ಕ್ಯಾಸೆಟ್ಟಿನ ಸರಕು ಕೈಯಿಂದ ಕೈಗೆ ಹೋಗಿ ಎಲ್ಲೋ ಸೇರಿತ್ತು. ಮಾಮು ಕಲಿಸಿದ ಧಾಟಿ, ಮಾಮುವಿನ ಮೊಮ್ಮಗನ ದನಿ, ನಮ್ಮೂರ ಅಲಾವಿ. ಯಂತ್ರ ಹೇಳಿತು, ಇದು ನಿಮ್ಮದಲ್ಲ. ಹುಡುಗರಿಗೆ ಉತ್ತರ ಕೊಡಲು ತಿಳಿಯಲಿಲ್ಲ, ತೆಗೆದುಹಾಕಿದರು. ಆ ಹುಡುಗರ ತಪ್ಪನ್ನೂ ಹೇಳಬೇಕು. ತಾವು ಹಾಕಿದ ವೀಡಿಯೊದಲ್ಲಿ ಹಾಡಿದವರ ಹೆಸರನ್ನು ಅವರೂ ಬರೆದಿರಲಿಲ್ಲ. ಕಂಪನಿಯ ಚಾಳಿ ಅಷ್ಟರಮಟ್ಟಿಗೆ ನಮ್ಮದೂ ಆಗಿಬಿಟ್ಟಿದೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಚಳವಳಿಯ ಮಾತು ನಾನಾಡುವುದಿಲ್ಲ. ಮೂರು ಕೆಲಸಗಳಿವೆ. ಓದಬಾರದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಪ್ರತಿ ಮೇಳಕ್ಕೂ ಹೇಳೋಣ. ನಮ್ಮ ಸಮುದಾಯದಲ್ಲಿ ಈಗ ಓದಿದ ಹುಡುಗಿಯರಿದ್ದಾರೆ, ವಕೀಲರಿದ್ದಾರೆ. ಕಾಗದ ಓದಿ ಹೇಳಲು ಒಂದು ತಾಸು ಕೊಟ್ಟರೆ ಸಾಕು. ಎರಡನೆಯದು, ಊರೂರಿನ ರಿವಾಯತ್ ಪದಗಳನ್ನು, ಹಾಡುವವರ ಹೆಸರು, ಕಟ್ಟಿದವರ ಹೆಸರು, ಊರು, ವರ್ಷ ಸಹಿತ ಬರೆದಿಡೋಣ, ಅಚ್ಚು ಮಾಡೋಣ. ನಾಳೆ ಯಾರಾದರೂ ಇದು ಯಾರದೂ ಅಲ್ಲ ಎಂದಾಗ ತೋರಿಸಲು ಒಂದು ಪುಸ್ತಕ ಬೇಕು. ಜಾನಪದದ ಹೆಸರಿನಲ್ಲಿ ಅನುದಾನ ಪಡೆಯುವ ಅಕಾಡೆಮಿ, ವಿಶ್ವವಿದ್ಯಾಲಯಗಳಿಂದ ಇದನ್ನು ಕೇಳಿ ಪಡೆಯೋಣ. ಮೂರನೆಯದು ಕೇಳುಗರದು. ಹೆಸರಿಲ್ಲದ ಹಾಡನ್ನು ಕೇಳಿದಾಗ, ಯಾರದು ಇದು ಎಂದು ಒಮ್ಮೆಯಾದರೂ ಕೇಳಿ.

ಮಾಮು 2011ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ಒಂದು ಹಾಡಿನ ವಹಿ. ಕೆಂಪು ಬಟ್ಟೆಯ ರಟ್ಟು, ಒಳಗೆ ನೀಲಿ ಮಸಿಯ ಕನ್ನಡ. ಪ್ರತಿ ಹಾಡಿನ ಕೆಳಗೆ ಅದನ್ನು ಯಾರಿಂದ ಕಲಿತರು, ಯಾವ ಊರಲ್ಲಿ ಕಲಿತರು ಎಂದು ಬರೆದಿದ್ದಾರೆ. ನಾಲ್ಕನೇ ಇಯತ್ತೆ ಓದಿದ ಮನುಷ್ಯ ಯಾರ ಹೆಸರನ್ನೂ ಬಿಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಹಾಡದೆ ಬಂದ ಆ ಪದವೂ ಅದರಲ್ಲಿದೆ, ಕಡೆಯ ನುಡಿ ಸಹಿತ. ಅವರ ಮೊಮ್ಮಗನಿಗೆ ಅದನ್ನು ಪೂರ್ತಿ ಬಾಯಿಪಾಠ ಮಾಡಿಸಿದ್ದೇನೆ. ಈ ಸಲದ ಮೊಹರಂನಲ್ಲಿ ಅದನ್ನು ಚಿತ್ರೀಕರಿಸುವವರು ಯಾರೇ ಇರಲಿ, ಮೊದಲು ಹನ್ನೆರಡು ಜನರ ಹೆಸರು ಬರೆದುಕೊಂಡು ಆಮೇಲೆ ಮೊಬೈಲು ಎತ್ತಬೇಕೆಂದು ಮೇಳದವರು ಠರಾವು ಮಾಡಿದ್ದಾರೆ.